ವೆಂಕಮ್ಮಕ್ಕನ ಶೀಲ್ಡು

ತೀರ್ಥಹಳ್ಳಿ
ಜೂನ್ 19, 2025

ಅಣ್ಣಾ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಬಸ್ಸನ್ನು ಬ್ಲಾಕ್ ಮಾಡಲು ನಿನ್ನಿಂದ ಆಗುವುದಿಲ್ಲ. ಅದಕ್ಕೇ ಈ ಪತ್ರವನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ರಿಪ್ಪನ್‌ಪೇಟೆಯಲ್ಲಿ ಅವನು ನಿನ್ನ ಅಂಗಡಿ ಮುಂದೆ ಹಾರ್ನ್ ಹೊಡೆಸುತ್ತಾನೆ, ಎದ್ದು ಬಂದು ಇಸಿದುಕೋ.

ತೋಟಕ್ಕೆ ಔಷಧಿ ಹೊಡೆಯುವವರಿಗೆ ನೀನು ಮಾರುವ ಬಟ್ಟೆ ಮಾಸ್ಕು ಯಾವ ವಿಷವನ್ನೂ ತಡೆಯುವುದಿಲ್ಲ ಎಂದು ನಿನ್ನ ಗಿರಾಕಿಗಳ ಎದುರೇ ಹೇಳಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಆದರೆ ಇವತ್ತಿನ ಜಗಳ ಬೇರೆ.

ನಮ್ಮ ಅಡಿಕೆ ಬೆಳೆಗಾರರ ಸಂಘದ ಲ್ಯಾಬಿಗೆ ಸುರಕ್ಷತಾ ಸಾಮಾನು ಕೊಡುವ ಕೊಟೇಶನ್ ನಿನ್ನದೇ ಪಾಸಾಗಿದೆಯೆಂದು ನಿನ್ನೆ ಪೆಟ್ಟಿಗೆ ಬಂದಾಗಲೇ ನನಗೆ ತಿಳಿದದ್ದು. ಪೆಟ್ಟಿಗೆ ಬಿಚ್ಚಿ ನೋಡಿದರೆ ಏನಿದೆ? ಹಣೆಗೆ ಸ್ಪಂಜು ಅಂಟಿಸಿದ ತೆಳು ಹಾಳೆಯ ಶೀಲ್ಡು, ಕೊರೊನಾ ಕಾಲದಲ್ಲಿ ಮಿಕ್ಕಿದ್ದು. ಬೈಕ್ ಓಡಿಸುವವರ ಕನ್ನಡಕ. ಪಾತ್ರೆ ತೊಳೆಯುವ ಗುಲಾಬಿ ಗ್ಲೌಸು. ಏಪ್ರನ್ ಎಂಬ ಹೆಸರಿನಲ್ಲಿ ತೋಳು ಕತ್ತರಿಸಿದ ರೇನ್‌ಕೋಟು!

ಇಲ್ಲಿ ನಾವು ಏನು ಮಾಡುತ್ತೇವೆಂದು ನಿನಗೆ ಗೊತ್ತಿದೆಯೇ? ರೈತರು ತಂದುಕೊಟ್ಟ ಅಡಿಕೆ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಗಂಟೆಗಟ್ಟಲೆ ಕುದಿಸುತ್ತೇವೆ. ಎಲೆಯಲ್ಲಿ ಎಷ್ಟು ಸಾರಜನಕ ಇದೆ, ತೋಟಕ್ಕೆ ಎಷ್ಟು ಗೊಬ್ಬರ ಬೇಕು ಎಂಬ ರಿಪೋರ್ಟು ಹುಟ್ಟುವುದು ಆ ಕುದಿಯಿಂದ. ಅದು ಅನ್ನದ ಎಸರಿನ ಹಾಗೆ ಮರ್ಯಾದೆಯಿಂದ ಕುದಿಯುವುದಿಲ್ಲ. ಇದ್ದಕ್ಕಿದ್ದಂತೆ ಫ್ಲಾಸ್ಕಿನ ಬಾಯಿಂದ ಎಗರುತ್ತದೆ. ಹೊಗೆ ಎಳೆಯುವ ಫ್ಯಾನು ಕೆಟ್ಟು ಎಷ್ಟು ಕಾಲವಾಯಿತೋ ಯಾರಿಗೂ ನೆನಪಿಲ್ಲ. ಆ ಒಲೆಯ ಮುಂದೆ ದಿನವಿಡೀ ನಿಲ್ಲುವವರು ಅಟೆಂಡರ್ ವೆಂಕಮ್ಮಕ್ಕ. ಅವರ ಎಡಗಣ್ಣು ಚಿಕ್ಕಂದಿನಲ್ಲೇ ದನದ ಕೊಂಬು ತಾಗಿ ಹೋಗಿದೆ. ಉಳಿದಿರುವುದು ಒಂದು.

ಸುರಕ್ಷತಾ ಸಾಮಾನು ಬೇಕೆಂದು ಕೊಟ್ಟ ಅರ್ಜಿಯಲ್ಲಿ ನಾನು ಅದನ್ನೇ ಬರೆದೆ: ‘ವೆಂಕಮ್ಮ ಅವರಿಗೆ ಕಾಣುವುದು ಒಂದೇ ಕಣ್ಣು. ಅದಕ್ಕೇನಾದರೂ ಆದರೆ ಸಂಘವೇ ಹೊಣೆ.’ ಸೆಕ್ರೆಟರಿ ಹರಿಪ್ರಸಾದ್ ಆ ಸಾಲನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಆ ಒಂದು ಸಾಲಿಗೇ ಕಮಿಟಿ ಒಪ್ಪಿದ್ದು. ಒಪ್ಪಿ ತರಿಸಿದ್ದು ನಿನ್ನ ಈ ಕಸವನ್ನು.

ಸಾಮಾನು ಸರಿಯಾಗಿ ತಲುಪಿದೆ ಎಂದು ಸಹಿ ಹಾಕಲು ನಾನು ನಿರಾಕರಿಸಿದ್ದೇನೆ. ವಾಪಸ್ ತೆಗೆದುಕೊಂಡು ಹೋಗು.

ನಿನ್ನ ತಂಗಿಯಾಗಿರುವುದನ್ನು ತಪ್ಪಿಸಿಕೊಳ್ಳಲಾಗದ,
ಸುಚಿತ್ರಾ

*

ರಿಪ್ಪನ್‌ಪೇಟೆ
ಜೂನ್ 24, 2025

ಸುಚಿ,

ಪತ್ರ ಬಂತು. ‘ನಿಮ್ ತಂಗೀದು ಮಾರಾಯ್ರೆ, ಈ ಭಾರಕ್ಕೆ ಲಗೇಜ್ ಚಾರ್ಜ್ ಹಾಕ್ಬೇಕಿತ್ತು’ ಎಂದು ಕಂಡಕ್ಟರ್ ಅಂಗಡಿ ತುಂಬಾ ಕೇಳುವ ಹಾಗೆ ಹೇಳಿದ.

ನಿನ್ನ ಸೆಕ್ರೆಟರಿ ನನಗೆ ಫೋನ್ ಮಾಡಿದಾಗ ಯಾವ ಆಸಿಡ್, ಎಷ್ಟು ಬಿಸಿ ಎಂಬುದನ್ನು ಹೇಳಲೇ ಇಲ್ಲ. ‘ಕೆಮಿಕಲ್ ಕೆಲಸ, ಮುಖಕ್ಕೆ ಕೈಗೆ ಎಂತಾದ್ರೂ ಕೊಡಿ, ಇನ್‌ಸ್ಪೆಕ್ಷನ್ ಫೋಟೋದಲ್ಲಿ ಕಾಣ್ಬೇಕು’ ಎಂದರು. ಕೆಮಿಕಲ್ ಅಂದರೆ ನನಗೆ ಗೊತ್ತಿರುವುದು ಮೈಲುತುತ್ತ, ಸುಣ್ಣ. ಕೊಳೆರೋಗಕ್ಕೆ ಔಷಧಿ ಹೊಡೆಯುವವರಿಗೆ ಕೊಡುವುದನ್ನೇ ಕೊಟ್ಟೆ. ಅವರಲ್ಲಿ ಅರ್ಧ ಜನ ಅದನ್ನೂ ಹಾಕಿಕೊಳ್ಳುವುದಿಲ್ಲ. ಅಪ್ಪ ಬರಿಮೈಯಲ್ಲಿ ಉದ್ದನೆಯ ದೋಟಿ ಹಿಡಿದು ಅಡಿಕೆ ಮರಕ್ಕೆ ಔಷಧಿ ಹೊಡೆದೇ ನಿನ್ನನ್ನು ಬಿಎಸ್ಸಿ ಓದಿಸಿದ್ದು.

ಕಸ ಎಂದು ಬರೆದೆಯಲ್ಲ. ಸರಿ. ಕಸ ಅಲ್ಲದ್ದು ಯಾವುದು ಎಂದು ಬರಿ. ಭಾಷಣ ಬೇಡ. ಕಾರ್ಮಿಕರ ಹಕ್ಕಿನ ಬಗ್ಗೆ ನೀನು ಓದುವ ಆ ಹತ್ತು ರೂಪಾಯಿ ಪುಸ್ತಿಕೆಗಳಲ್ಲಿ ಸಾಮಾನಿನ ಹೆಸರು ಇರುತ್ತದೋ ಅಥವಾ ಬರೀ ಘೋಷಣೆಯೋ?

ಅಮ್ಮ ಕೇಳುತ್ತಿದ್ದಾಳೆ, ಊಟ ಮಾಡುತ್ತೀಯಾ ಎಂದು.

ನಿರಂಜನ

*

ತೀರ್ಥಹಳ್ಳಿ
ಜುಲೈ 11, 2025

ಅಣ್ಣಾ,

ಊಟ ಮಾಡುತ್ತೇನೆ.

ನಿನ್ನ ಪೆಟ್ಟಿಗೆಯನ್ನು ವಾಪಸ್ ಕಳಿಸುವುದಕ್ಕೆ ಹರಿಪ್ರಸಾದ್ ಒಪ್ಪಲಿಲ್ಲ. ‘ಎಂತ ಸುಚಿತ್ರಾ, ಹೊಸಾ ಸಾಮಾನು. ನೋಡೂಕೆ ಚಂದ ಇದೆ. ವಾಪಸ್ ಅಂದ್ರೆ ಹೇಗೆ?’ ಎಂದರು. ಹಾಗಾಗಿ ನಿರ್ದೇಶಕರ ಮೀಟಿಂಗಿಗೆ ಸುಲಿದ ತೆಂಗಿನಕಾಯಿ ತೆಗೆದುಕೊಂಡು ಹೋದೆ. ಮೇಜಿನ ಮೇಲಿಟ್ಟು ನಿನ್ನ ಬೈಕ್ ಕನ್ನಡಕ ತೊಡಿಸಿದೆ. ಅದರ ಮೇಲೆ ನಿನ್ನ ಶೀಲ್ಡು. ಲೋಟದಲ್ಲಿ ಅರಿಶಿನದ ನೀರು ಕಲಸಿ, ಆಸಿಡ್ ಎಗರುವ ಹಾಗೆ ಕೆಳಗಿನಿಂದ ಮೇಲಕ್ಕೆ ಎರಚಿದೆ.

ಎಲ್ಲರೂ ನಕ್ಕರು. ‘ತೆಂಗಿನಕಾಯಿಗೆ ಮದ್ವೆನಾ? ಅರಿಶಿನೆಣ್ಣೆ ಶಾಸ್ತ್ರ ಆತು, ಗಂಡು ಎಲ್ಲಿ?’ ಎಂದರು ಹಿರಿಯ ನಿರ್ದೇಶಕರಾದ ಹೂವಯ್ಯಗೌಡರು.

ಶೀಲ್ಡಿನ ಅಡಿಯೂ ಪಕ್ಕವೂ ತೆರೆದೇ ಇದ್ದವು. ನೀರು ಅಡಿಯಿಂದ ನುಗ್ಗಿ, ಕನ್ನಡಕದ ಪಕ್ಕದ ತೂತಿನಿಂದ ಒಳಗೆ ಹೋಗಿತ್ತು. ಕನ್ನಡಕ ತೆಗೆದು ಕಾಯಿಯನ್ನು ಅವರ ಕಡೆಗೆ ತಿರುಗಿಸಿದೆ. ಕಾಯಿಯ ಕಣ್ಣುಗಳಲ್ಲಿ ಹಳದಿ ನಿಂತಿತ್ತು. ಆಮೇಲೆ ನಗು ಬರಲಿಲ್ಲ. ಹೂವಯ್ಯಗೌಡರು ‘ವಾಪಸ್ ಕಳ್ಸಿ ಹರಿಪ್ರಸಾದ್ರೇ’ ಎಂದರು.

ಇನ್ನು ನೀನು ಕೇಳಿದ್ದು. ಗಮನವಿಟ್ಟು ಓದು.

ಶೀಲ್ಡು ಪಾಲಿಕಾರ್ಬೊನೇಟಿನದು ಬೇಕು, ದಪ್ಪದ್ದು, ಗಲ್ಲದ ಕೆಳಗೂ ಕಿವಿಯವರೆಗೂ ಬರಬೇಕು. ಶೀಲ್ಡು ಇದೆ ಎಂದು ಕನ್ನಡಕ ಬಿಡುವ ಹಾಗಿಲ್ಲ. ಒಳಗೆ ಮುಖಕ್ಕೆ ಅಂಟಿ ಕೂರುವ ಗಾಗಲ್ಸ್ ಬೇಕು, ಗಾಳಿಯ ತೂತು ನೇರವಾಗಿರದೆ ಮುಚ್ಚಳದ ಅಡಿಯಲ್ಲಿರಬೇಕು. ಗ್ಲೌಸು ನಿಯೋಪ್ರೀನಿನದು, ಮೊಣಕೈ ಹತ್ತಿರದವರೆಗೆ. ಆಸಿಡ್ ತಡೆಯುವ ರಬ್ಬರ್ ಏಪ್ರನ್, ಮೊಣಕಾಲಿನ ಕೆಳಗೂ ಇಳಿಯುವಂಥದ್ದು. ಎಲ್ಲವೂ ಗಂಡಸರ ಅಳತೆಯದನ್ನೇ ಕಳಿಸಬೇಡ. ಇಲ್ಲಿ ಆಸಿಡ್ ಮುಟ್ಟುವವರು ಇಬ್ಬರೂ ಹೆಂಗಸರು.

ನನ್ನ ಪುಸ್ತಿಕೆಗಳ ಬಗ್ಗೆ ಹಗುರವಾಗಿ ಮಾತಾಡಿದೆ. ಅದರಲ್ಲೊಂದರಲ್ಲಿ ಹೀಗಿದೆ: ಅಪಾಯವನ್ನು ಮೊದಲು ಕೆಲಸದ ಜಾಗದಿಂದ ತೆಗೆಯಬೇಕು, ತೆಗೆಯಲಾಗದ್ದಕ್ಕೆ ಮಾತ್ರ ಕೆಲಸಗಾರರ ಮೈಮೇಲೆ ಕವಚ ಹೊರಿಸಬೇಕು. ಅಂದರೆ ಮೊದಲು ಆ ಫ್ಯಾನು. ಅದನ್ನೂ ಮೀಟಿಂಗಿನಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ಕಾಫಿ ಬಂತು.

ಸುಚಿತ್ರಾ

*

ರಿಪ್ಪನ್‌ಪೇಟೆ
ಆಗಸ್ಟ್ 22, 2025

ಸುಚಿ,

ಸಾಮಾನು ಇದೇ ಬಸ್ಸಿನಲ್ಲಿದೆ. ನಾಲ್ಕು ಶೀಲ್ಡು, ನೀನು ಹೇಳಿದ ಎಲ್ಲ. ಶಿವಮೊಗ್ಗದಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಿದ್ದು. ಫೋನಿನಲ್ಲಿ ಅವರು ‘ಯಾವ ಕಂಪನಿ ಲ್ಯಾಬ್ ಸಾರ್ ನಿಮ್ದು?’ ಎಂದು ಕೇಳಿದರು. ಅಡಿಕೆ ಎಲೆ ಬೇಯಿಸುವ ಲ್ಯಾಬ್ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಒಂದು ಶೀಲ್ಡು ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನೋಡಿದೆ. ಬಂದವರೆಲ್ಲ ‘ಕೊರೊನಾ ಮತ್ತೆ ಬಂತನಾ?’ ಎಂದು ಕೇಳಿ ಬಾಗಿಲಲ್ಲೇ ನಿಂತರು. ವ್ಯಾಪಾರ ಹಾಳು. ಆದರೆ ಹಾಕಿಕೊಂಡರೆ ಚೆನ್ನಾಗಿ ಕಾಣುತ್ತದೆ, ಮುಖದ ಮುಂದೆ ಏನೂ ಇಲ್ಲದ ಹಾಗೆ.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಪತ್ರವನ್ನೇ ಬರಿ. ಫೋನಿನಲ್ಲಾದರೆ ಪೂರ್ತಿ ಕೇಳಬೇಕು, ಪತ್ರದಲ್ಲಾದರೆ ಪುಟ ಹಾರಿಸಬಹುದು.

ದಸರಾಕ್ಕೆ ಬಾ.

ನಿರಂಜನ

*

ತೀರ್ಥಹಳ್ಳಿ
ಅಕ್ಟೋಬರ್ 6, 2025

ಅಣ್ಣಾ,

ನಾಲ್ಕೂ ಶೀಲ್ಡುಗಳು ಹಾಳಾಗಿವೆ. ಒಡೆದಿಲ್ಲ. ಆಸಿಡ್ ಬಿದ್ದಿಲ್ಲ. ಆಯುಧಪೂಜೆಗೆ ಬಲಿಯಾಗಿವೆ.

ಯಂತ್ರಕ್ಕೆ ಕುಂಕುಮ ಹಚ್ಚುವ ಬದಲು ಎಣ್ಣೆ ಹಾಕಿ, ಫ್ಯಾನು ರಿಪೇರಿ ಮಾಡಿಸಿ, ಅದೇ ಪೂಜೆ ಎಂದು ಹೇಳಿ ನಾನು ರಜೆ ಹಾಕಿ ಮನೆಗೆ ಬಂದಿದ್ದೆನಲ್ಲ, ಆ ಹೊತ್ತಿನಲ್ಲಿ ವೆಂಕಮ್ಮಕ್ಕ ಲ್ಯಾಬನ್ನೆಲ್ಲ ತೊಳೆದಿದ್ದಾರೆ. ತಕ್ಕಡಿ, ಬರ್ನರ್, ಒಲೆ, ಕೊನೆಗೆ ಶೀಲ್ಡು. ಫ್ಲಾಸ್ಕಿನ ಮೇಲೆ ಮಾರ್ಕರಿನಲ್ಲಿ ಬರೆದ ನಂಬರನ್ನು ನಾವು ಅಸಿಟೋನ್ ಹಾಕಿ ಒರೆಸುತ್ತೇವೆ. ಗಾಜು ಫಳಫಳ ಹೊಳೆಯುತ್ತದೆ. ದೇವರ ಮುಂದಿಡುವ ಸಾಮಾನು ಹೊಳೆಯಲಿ ಎಂದು ಅವರು ಶೀಲ್ಡಿಗೂ ಅದನ್ನೇ ಹಚ್ಚಿದರು. ಅದು ಗಾಜಲ್ಲ. ಅಸಿಟೋನ್ ಸೋಕಿದರೆ ಬಿಳುಚಿಕೊಳ್ಳುತ್ತದೆ, ಒಳಗೊಳಗೇ ಬಿರುಕು ಬಿಡುತ್ತದೆ. ಮಸುಕಾಯಿತು ಎಂದು ಒರೆಸಿದರು. ಒರೆಸಿದಷ್ಟೂ ಮಸುಕಾಯಿತು, ಮಸುಕಾದಷ್ಟೂ ಒರೆಸಿದರು.

ನಾನು ಬಂದು ನೋಡಿದಾಗ ಮೇಜಿನ ಮೇಲೆ ಸಾಲಾಗಿ ಇದ್ದವು. ಹಾಲು ಚೆಲ್ಲಿ ಒಣಗಿದ ಹಾಗೆ. ಪ್ರತಿಯೊಂದಕ್ಕೂ ಗಂಧ, ಕುಂಕುಮ, ಒಂದೊಂದು ಸೇವಂತಿಗೆ.

‘ನಾ ಕೆಡಿಸಿದ್ನಾ ಮಾರಾಯ್ತಿ?’ ಎಂದು ಕೇಳಿದರು. ನಾನು ಹೊರಗೆ ಹೋಗಿ ನಿಂತೆ.

ಮಸುಕು ಶೀಲ್ಡು ಹಾಕಿಕೊಂಡರೆ ಫ್ಲಾಸ್ಕು ಕಾಣುವುದಿಲ್ಲ. ಕಾಣಲಿ ಎಂದು ಅವರು ಅದನ್ನು ಎತ್ತುತ್ತಾರೆ, ಎತ್ತಿದಾಗಲೇ ಆಸಿಡ್ ಎಗರುತ್ತದೆ. ಅದಕ್ಕೇ ಕುದಿಸುವ ಕೆಲಸವನ್ನು ನಿಲ್ಲಿಸಿದ್ದೇನೆ. ‘ಈ ವರ್ಷ ಇನ್ನು ಶೀಲ್ಡಿನ ಸುದ್ದಿ ಎತ್ತಬೇಡ. ಗಾಗಲ್ಸ್ ಇದ್ಯಲ್ಲಾ, ಸಾಕು’ ಎನ್ನುತ್ತಾರೆ ಹರಿಪ್ರಸಾದ್. ರೈತರು ರಿಪೋರ್ಟು ಕೇಳಿಕೊಂಡು ಬಂದು ನನ್ನ ಮುಖ ನೋಡಿ ಹೋಗುತ್ತಿದ್ದಾರೆ.

ಶೀಲ್ಡಿನ ಜೊತೆ ಇಂಗ್ಲಿಷಿನಲ್ಲಿ ಒಂದು ಚೀಟಿ ಕಳಿಸಿದ್ದೆಯಲ್ಲ, ಅದನ್ನು ನೀನು ಓದಿದ್ದೆಯಾ?

ಸುಚಿತ್ರಾ

*

ರಿಪ್ಪನ್‌ಪೇಟೆ
ಅಕ್ಟೋಬರ್ 9, 2025

ಸುಚಿ,

ಇಲ್ಲ, ನಾನು ಓದಿರಲಿಲ್ಲ. ನೀನು?

ಲ್ಯಾಬಿನ ಗೋಡೆ ತುಂಬಾ ನೀನು ಬರೆದು ಅಂಟಿಸಿದ್ದನ್ನು ನಾನು ಬಿಲ್ ಕೊಡಲು ಬಂದಾಗ ನೋಡಿದ್ದೇನೆ. ‘ದುಡಿಯುವ ದೇಹ ದುಡಿಯುವವರದೇ’ ಎಂದು ಕೆಂಪು ಇಂಕಿನಲ್ಲಿತ್ತು. ‘ಇದಕ್ಕೆ ಅಸಿಟೋನ್ ಮುಟ್ಟಿಸಬೇಡಿ’ ಎಂದು ಎಲ್ಲಿಯೂ ಇರಲಿಲ್ಲ.

ಜಗಳಕ್ಕೆ ಬರೆಯುತ್ತಿಲ್ಲ. ಆ ಹೆಂಗಸಿನ ಹತ್ತಿರ ಏನಾದರೂ ಮಾತಾಡು. ಹೊರಗೆ ಹೋಗಿ ನಿಂತೆ ಎಂದು ಬರೆದಿದ್ದೀಯ. ನಿನ್ನದು ಇದೇ ಕಷ್ಟ.

ನಿರಂಜನ

*

ತೀರ್ಥಹಳ್ಳಿ
ನವೆಂಬರ್ 4, 2025

ಅಣ್ಣಾ,

ಇಷ್ಟು ದಿನ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ.

ಹರಿಪ್ರಸಾದ್ ಸಮಸ್ಯೆ ಬಗೆಹರಿಸಿದ್ದಾರೆ. ಶೀಲ್ಡು ತರಿಸಿ ಅಲ್ಲ. ವೆಂಕಮ್ಮಕ್ಕನನ್ನು ಲ್ಯಾಬಿನಿಂದ ತೆಗೆದು ಗೊಬ್ಬರದ ಗೋಡೌನಿಗೆ ಹಾಕಿದ್ದಾರೆ. ಕಸ ಗುಡಿಸುವ ಕೆಲಸ, ದಿನಗೂಲಿ. ಆದೇಶದಲ್ಲಿ ಬರೆದಿರುವುದನ್ನು ಹಾಗೇ ಕೊಡುತ್ತೇನೆ: ‘ಸದರಿಯವರಿಗೆ ಒಂದೇ ಕಣ್ಣು ಕಾಣುತ್ತಿರುವುದಾಗಿ ಲ್ಯಾಬ್ ಸಹಾಯಕಿಯವರೇ ಲಿಖಿತವಾಗಿ ತಿಳಿಸಿರುವುದರಿಂದ, ಅವರ ಸುರಕ್ಷತೆಯ ದೃಷ್ಟಿಯಿಂದ...’

ನಾನು ಕೂಗಾಡಿದೆ. ‘ನೀನೇ ಹೇಳಿದ್ದಲ್ದಾ? ಅಪಾಯ ಮೊದಲು ತೆಗೀಬೇಕು ಅಂತ. ಈಗ ತೆಗ್ದಾಯ್ತು’ ಎಂದರು. ವ್ಯಂಗ್ಯವಾಗಿ ಅಲ್ಲ. ನಿಜವಾಗಿಯೂ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದರು.

ಆ ಗೋಡೌನಿನಲ್ಲಿ ಯೂರಿಯಾ, ಪೊಟ್ಯಾಷ್ ಚೀಲ ಒಡೆದು ಬಿದ್ದಿರುತ್ತದೆ. ಗುಡಿಸಿದರೆ ಧೂಳು ಹೆಂಚಿನ ಮಾಡಿಗೆ ಏರುತ್ತದೆ. ಅಲ್ಲಿ ಗಾಗಲ್ಸೂ ಇಲ್ಲ.

ಭಾನುವಾರ ಮಂಡಗದ್ದೆಗೆ, ಅವರ ಮನೆಗೆ ಹೋದೆ. ನೀರು ಬೆಲ್ಲ ಕೊಟ್ಟರು. ಕೂರು ಎನ್ನಲಿಲ್ಲ.

‘ನನ್ ಕಣ್ಣಿನ ಸುದ್ದಿ ಅರ್ಜೀಲಿ ಬರೆಯೋಕೆ ನಿಂಗೆ ಯಾರು ಹೇಳಿದ್ದು?’

‘ನಿಮ್ಮ ಒಳ್ಳೇದಕ್ಕೇ ಬರೆದೆ ಅಕ್ಕ.’

‘ಹರಿಪ್ರಸಾದ್ರೂ ಹಂಗೇ ಅಂದ್ರು.’

ಲೋಟ ಇಸಿದುಕೊಂಡು ಒಳಗೆ ಹೋದರು. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಒಳಗಿನಿಂದ ‘ಬಸ್ಸು ತಪ್ಪುತ್ತೆ’ ಎಂದರು.

ಹೊಸ ಹುಡುಗಿಯೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡು ಕುದಿಸಲು ಶುರು ಮಾಡು ಎಂದಿದ್ದಾರೆ. ಇಲ್ಲ ಎಂದಿದ್ದೇನೆ. ವೆಂಕಮ್ಮಕ್ಕ ಬರುವವರೆಗೆ ನಾನೂ ಒಲೆ ಹಚ್ಚುವುದಿಲ್ಲ. ನನ್ನದು ಕಾಂಟ್ರಾಕ್ಟ್ ಕೆಲಸ. ಮಾರ್ಚಿನಲ್ಲಿ ಮುಗಿಸುತ್ತೇವೆ ಎನ್ನುತ್ತಿದ್ದಾರೆ. ಮುಗಿಸಲಿ.

ಸುಚಿತ್ರಾ

*

ರಿಪ್ಪನ್‌ಪೇಟೆ
ನವೆಂಬರ್ 10, 2025

ಸುಚಿ,

ಸಂಘಕ್ಕೆ ನಾನೊಂದು ಪತ್ರ ಕೊಟ್ಟಿದ್ದೇನೆ. ಶೀಲ್ಡನ್ನು ಹೇಗೆ ಸ್ವಚ್ಛ ಮಾಡಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸದೆ ಮಾರಿದ್ದು ಅಂಗಡಿಯ ತಪ್ಪು, ಬಳಸಿದವರ ತಪ್ಪಲ್ಲ, ನಾಲ್ಕನ್ನೂ ಬದಲಾಯಿಸಿ ಕೊಡುತ್ತೇನೆ ಎಂದು. ಇದನ್ನು ಓದಿ ನೀನು ಅಳುವುದು ಗಿಳುವುದು ಬೇಡ. ಮುಂದಿನ ವರ್ಷ ಮೂರು ಸಂಘಗಳು ಲ್ಯಾಬ್ ಮಾಡುತ್ತವಂತೆ. ನನಗೂ ಹೆಸರು ಬೇಕು.

ಹೊಸ ಪೆಟ್ಟಿಗೆ ಬಂದಿದೆ. ಪ್ರತಿ ಶೀಲ್ಡಿನ ಪಟ್ಟಿಗೂ ಒಂದು ಚೀಟಿ ಅಂಟಿಸಿದ್ದೇನೆ. ಒಪ್ಪಿಗೆಯಾ ನೋಡು:

‘ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಅಸಿಟೋನ್, ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ಗೀರು ಬಿದ್ದರೆ, ಮಸುಕಾದರೆ ಎಸೆಯಿರಿ. ಒಳಗೆ ಗಾಗಲ್ಸ್ ಕಡ್ಡಾಯ. ಕುಂಕುಮ ಹಚ್ಚುವುದಾದರೆ ಪಟ್ಟಿಗೆ ಮಾತ್ರ ಹಚ್ಚಿ.’

ಕೊನೆಯ ಸಾಲಿಗೆ ನೀನು ತಕರಾರು ತೆಗೆಯುತ್ತೀಯೆಂದು ಗೊತ್ತು. ತೆಗೆಯಬೇಡ. ಹಚ್ಚೇ ಹಚ್ಚುತ್ತಾರೆ.

ಗೋಡೌನಿಗೆ ಎಂದು ಎರಡು ಗಾಗಲ್ಸ್ ಬೇರೆ ಇಟ್ಟಿದ್ದೇನೆ.

ನಿರಂಜನ

*

ತೀರ್ಥಹಳ್ಳಿ
ಡಿಸೆಂಬರ್ 13, 2025

ಅಣ್ಣಾ,

ಕೊನೆಯ ಸಾಲಿಗೆ ತಕರಾರಿಲ್ಲ.

ನಿನ್ನ ಪತ್ರವನ್ನು ಮೀಟಿಂಗಿನಲ್ಲಿ ಓದಿದರು. ಶೀಲ್ಡು ಇಟ್ಟುಕೊಂಡರು, ಧನ್ಯವಾದ ಎಂದು ಬರೆದುಕೊಂಡರು. ವೆಂಕಮ್ಮಕ್ಕನ ವಿಷಯ ಮಾತ್ರ ಹಾಗೇ ಉಳಿಯಿತು. ಸಾಮಾನು ಹಾಳು ಮಾಡಿದ ತಪ್ಪು ಅವರ ಮೇಲಿಲ್ಲವಂತೆ. ಆದರೆ ಕಣ್ಣು ಒಂದೇ ತಾನೇ ಎಂದರು. ನಾನು ಎದ್ದು ನಿಂತು ಬಾಯಿ ತೆಗೆಯುವುದರೊಳಗೆ ಬಾಗಿಲಲ್ಲಿ ವೆಂಕಮ್ಮಕ್ಕನೇ ಬಂದು ನಿಂತಿದ್ದರು. ಗೋಡೌನಿನಿಂದ ನೇರವಾಗಿ ಬಂದದ್ದು. ತಲೆ, ಹುಬ್ಬು, ಸೆರಗು ಎಲ್ಲ ಪೊಟ್ಯಾಷಿನ ಕೆಂಪು ಧೂಳು. ನಿನ್ನ ಗಾಗಲ್ಸನ್ನು ಹಣೆಗೇರಿಸಿದ್ದರು. ಕಣ್ಣಿನ ಸುತ್ತ ಮಾತ್ರ ಚೊಕ್ಕ ಇತ್ತು.

ಹೂವಯ್ಯಗೌಡರು ಸಮಾಧಾನದ ದನಿಯಲ್ಲಿ ‘ಎಂತ ವೆಂಕಮ್ಮ, ನಿನ್ ಕಣ್ಣು ಉಳೀಲಿ ಅಂತ್ಲೇ ಅಲ್ವನಾ ಮಾಡಿದ್ದು?’ ಎಂದರು.

‘ಹೌದು ಗೌಡ್ರೇ. ಎರಡು ಕಣ್ಣಿದ್ದೋರಿಗೆ ಆಸಿಡ್ ಏನೂ ಮಾಡಲ್ವಾ? ಹಂಗಿದ್ರೆ ನೀವೊಂದಿನ ನಿಂತ್ಕಳಿ. ನಿಮ್ಗೆ ಎರಡೂ ಚೊಲೋ ಇದಾವೆ.’

ಯಾರೋ ಕೆಮ್ಮಿದರು. ವೆಂಕಮ್ಮಕ್ಕ ನನ್ನ ಕಡೆ ತಿರುಗಿ, ಎಲ್ಲರೂ ಕೇಳುವ ಹಾಗೆ, ‘ಈ ಹುಡ್ಗಿ ಬರ್ದಿದ್ದು ತೆಗೀರಿ. ನನ್ ಮೈಮೇಲೆ ಎಂತ ಇದೆ ಎಂತ ಇಲ್ಲ ಅಂತ ಆಪೀಸಿಗೆ ಎಂತಕ್ಕೆ? ಒಲೆ ಮುಂದೆ ಯಾರು ನಿಂತ್ರೂ ಶೀಲ್ಡು ಕೊಡಿ. ಅಷ್ಟು ಬರ್ಕಳಿ’ ಎಂದರು.

ನಾನು ಅಲ್ಲಿಯೇ ಕುಳಿತು ಅರ್ಜಿಯನ್ನು ಮತ್ತೆ ಬರೆದೆ. ಹಳೆಯದಕ್ಕಿಂತ ತುಂಬಾ ಚಿಕ್ಕದಾಯಿತು. ಯಾರ ಕಣ್ಣೂ ಒದ್ದೆಯಾಗುವಂಥದ್ದು ಅದರಲ್ಲಿ ಏನೂ ಇಲ್ಲ. ರೈತರ ಎಲೆ ಚೀಲಗಳು ಬಾಗಿಲವರೆಗೆ ಬಂದಿದ್ದವು, ಬೇರೆ ಯಾರೂ ಆ ಕೆಲಸಕ್ಕೆ ಒಪ್ಪಿರಲಿಲ್ಲ. ಕಮಿಟಿ ಸಹಿ ಹಾಕಿದ್ದು ನನ್ನ ಬರಹಕ್ಕೋ, ಅವರ ಮಾತಿಗೋ, ಆ ಚೀಲಗಳಿಗೋ ನನಗೆ ಗೊತ್ತಿಲ್ಲ. ನನ್ನ ಪುಸ್ತಿಕೆಗಳಲ್ಲಿ ಗೆಲುವು ಇಷ್ಟು ಗೋಜಲಾಗಿರುವುದಿಲ್ಲ. ಫ್ಯಾನಿನ ವಿಷಯ ಮುಂದಿನ ವರ್ಷದ ಬಜೆಟ್ಟಿಗೆ ಹೋಯಿತು. ಆ ಸಾಲನ್ನು ನಾನು ಅರ್ಜಿಯಿಂದ ತೆಗೆದಿಲ್ಲ, ಪ್ರತಿ ತಿಂಗಳೂ ಕೊಡುತ್ತೇನೆ.

ವೆಂಕಮ್ಮಕ್ಕ ಲ್ಯಾಬಿಗೆ ಮರಳಿದ್ದಾರೆ. ನನ್ನೊಂದಿಗೆ ಮಾತಿಲ್ಲ. ಬೆಳಿಗ್ಗೆ ಬಂದು ಗಾಗಲ್ಸ್ ಹಾಕಿ, ಮೇಲೆ ಶೀಲ್ಡು ಹಾಕಿ, ಒಲೆ ಹಚ್ಚುತ್ತಾರೆ. ಏನಾದರೂ ಬೇಕಾದರೆ ಫ್ಲಾಸ್ಕಿಗೆ ಹೇಳುತ್ತಾರೆ: ‘ನೀರು ಮುಗೀತಾ ಬಂತಪ್ಪ.’ ನಾನು ತಂದಿಡುತ್ತೇನೆ. ಕ್ಷಮಿಸಿ ಎಂದು ಹೇಳಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ನಲ್ಲಿ ಜೋರಾಗಿ ತಿರುಗಿಸಿದರು.

ನಿನ್ನೆ ಅವರು ಆ ತುದಿಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಒಲೆಯ ಹತ್ತಿರ ನಾನಿದ್ದೆ. ಒಂದು ಫ್ಲಾಸ್ಕಿನ ನಂಬರು ಓದಲಾಗಲಿಲ್ಲ. ಶೀಲ್ಡನ್ನೂ ಗಾಗಲ್ಸನ್ನೂ ಹಣೆಗೆ ಏರಿಸಿ, ಬಗ್ಗಿ ನೋಡಿದೆ.

‘ಇಳ್ಸೇ ಅದನ್ನ!’

ಗಾಜಿನ ಸಾಮಾನೆಲ್ಲ ಝಲ್ಲೆಂದಿತು. ಹೊರಗೆ ಕಾಯುತ್ತಿದ್ದ ರೈತರು ಕಿಟಕಿಯಲ್ಲಿ ಇಣುಕಿದರು. ನಾನು ಇಳಿಸಿದೆ. ತಿರುಗಿ ನೋಡಿದಾಗ ಅವರು ಸೋಪಿನ ಕೈಯಲ್ಲಿ ಎದೆ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಬೆನ್ನು ತಿರುಗಿಸಿ ತೊಳೆಯತೊಡಗಿದರು.

ಸುಚಿತ್ರಾ